ಏಟು ಬಿದ್ದಿಲ್ಲ, ಕಣ್ಣು ಕಪ್ಪಾಗಿದೆ

‘ಏಟು ಬಿತ್ತಾ?’ ಎಂದು ಕನ್ನಡದಲ್ಲಿ, ‘ಅಡಿ ಪಟ್ಟುದಾ?’ ಎಂದು ತಮಿಳಿನಲ್ಲಿ, ‘ದೆಬ್ಬ ತಗಿಲಿಂದಾ?’ ಎಂದು ತೆಲುಗಿನಲ್ಲಿ. ಕೋಲಾರದ ಚಿನ್ನದ ಗಣಿ ಪ್ರದೇಶದ ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆಗಳಲ್ಲಾಗಲಿ, ಹತ್ತು ಹದಿನೈದು ಕಿಲೋಮೀಟರ್ ಈಚೆಗಿರುವ ಬಂಗಾರಪೇಟೆಯಲ್ಲಾಗಲಿ, ಕಣ್ಣಿನ ಸುತ್ತ ನೀಲಿಗಟ್ಟಿದ ಮುಖ ಹೊತ್ತು ಬಂದವರಿಗೆ ಎದುರಾಗುವ ಮೊದಲ ಪ್ರಶ್ನೆ ಈ ಮೂರರಲ್ಲೊಂದು. ‘ಇಲ್ಲ’ ಎಂದು ಉತ್ತರ ಬಂದರೆ ಕೇಳಿದವರು ಮುಗುಳ್ನಗುತ್ತಾರೆ. ಕುಡಿದು ಬಿದ್ದಿರಬೇಕು, ಜಗಳವಾಡಿರಬೇಕು, ಗಂಡ ಹೊಡೆದಿರಬೇಕು, ಮಗುವಾದರೆ ತಾಯಿಯ ಕಣ್ಣು ತಪ್ಪಿಸಿ ಎಲ್ಲೋ ಉರುಳಿರಬೇಕು. ಬೀದಿಯ ತೀರ್ಪು ಇಷ್ಟು ಬೇಗ ಬಂದುಬಿಡುತ್ತದೆ.

ಹತ್ತರಲ್ಲಿ ಎಂಟು ಒಂಬತ್ತು ಸಲ ಬೀದಿಯ ತೀರ್ಪು ಸರಿಯೂ ಹೌದು ಎನ್ನಬಹುದು. ತೊಂದರೆ ಇರುವುದು ಉಳಿದ ಒಂದರಲ್ಲಿ. ತಲೆಗೆ ಪೆಟ್ಟೇ ಬೀಳದೆ ಕಣ್ಣಿನ ಗೂಡಿನ ಸುತ್ತ ರಕ್ತ ಇಳಿಯುವ ಕಾಯಿಲೆಗಳಿವೆ. ಕೆಲವು ತಾವಾಗಿಯೇ ವಾಸಿಯಾಗುವಂಥವು, ಇನ್ನು ಕೆಲವು ಒಂದು ವಾರ ತಡವಾದರೂ ಪ್ರಾಣಕ್ಕೆ ಎರವಾಗುವಂಥವು.

ಇಂಗ್ಲಿಷ್ ವೈದ್ಯಪುಸ್ತಕಗಳು ಎರಡೂ ಕಣ್ಣು ಹೀಗೆ ಕಪ್ಪಾಗುವುದನ್ನು ‘ರಕೂನ್ ಕಣ್ಣು’ ಎಂದು ಕರೆಯುತ್ತವೆ. ರಕೂನ್ ಅಮೆರಿಕದ ಪ್ರಾಣಿ. ಕೋಲಾರ ಜಿಲ್ಲೆಯ ಯಾರೂ ಅದನ್ನು ಹಿತ್ತಲಲ್ಲಿ ಕಂಡವರಲ್ಲ. ನಮ್ಮ ಕಡೆಯವರಿಗೆ ಹೇಳುವುದಾದರೆ ಕಾಡುಪಾಪವನ್ನು ನೆನೆಯಬೇಕು. ದುಂಡು ಕಣ್ಣಿನ ಸುತ್ತ ಕಪ್ಪು ಬಳೆ ತೊಟ್ಟಂತೆ ಕಾಣುವ ಆ ಪುಟ್ಟ ಪ್ರಾಣಿಯ ಮುಖವೇ ಈ ರೋಗಲಕ್ಷಣದ ಸರಿಯಾದ ಚಿತ್ರ.

ರಕ್ತ ಇಲ್ಲೇ ಏಕೆ ನಿಲ್ಲುತ್ತದೆ? ಮೈಯ ಚರ್ಮದಲ್ಲೆಲ್ಲ ಅತ್ಯಂತ ತೆಳುವಾದುದು ರೆಪ್ಪೆಯ ಚರ್ಮ, ಅರ್ಧ ಮಿಲಿಮೀಟರಿನಷ್ಟು. ಅದರ ಅಡಿಯಲ್ಲಿ ಕೊಬ್ಬಿನ ಗಟ್ಟಿ ಪದರವಿಲ್ಲ, ಸಡಿಲವಾದ ಅಂಗಾಂಶವಿದೆ. ಹಣೆಯಿಂದಲೋ ತಲೆಬುರುಡೆಯ ತಳದಿಂದಲೋ ಕಣ್ಣುಗುಡ್ಡೆಯ ಹಿಂಭಾಗದಿಂದಲೋ ಸೋರಿದ ರಕ್ತ ಇಳಿಜಾರಿನ ನೀರು ಕೆರೆ ಸೇರಿದಂತೆ ಇಲ್ಲಿ ಬಂದು ತುಂಬುತ್ತದೆ. ಚಮಚದಷ್ಟು ರಕ್ತ ಸಾಕು, ಮುಖವೇ ಬೇರೆಯಾಗಿ ಕಾಣುತ್ತದೆ. ಬಳಿಕ ಆ ರಕ್ತದ ಬಣ್ಣದ ಕಣಗಳು ಒಡೆಯುತ್ತಾ ನೇರಳೆ ಹಸಿರಾಗಿ, ಹಸಿರು ಹಳದಿಯಾಗಿ ಎರಡು ವಾರದಲ್ಲಿ ಮಾಯವಾಗುತ್ತವೆ. ನಿದ್ದೆಗೆಟ್ಟವರ, ಮೂಗು ಕಟ್ಟಿಕೊಂಡ ಮಕ್ಕಳ ಕಣ್ಣ ಕೆಳಗಿನ ಕಪ್ಪು ಹೀಗೆ ಬಣ್ಣ ಬದಲಿಸುವುದಿಲ್ಲ. ತಿಂಗಳುಗಟ್ಟಲೆ ಹಾಗೆಯೇ ಇರುತ್ತದೆ. ಅದು ರಕ್ತಸ್ರಾವವಲ್ಲ, ಹೆದರಬೇಕಾದುದೂ ಅಲ್ಲ.

ಇನ್ನೊಂದು ವಿಚಿತ್ರವೂ ಇದೆ. ಪೆಟ್ಟು ಬಿದ್ದ ಜಾಗ ಒಂದು, ಕಪ್ಪಾಗುವ ಜಾಗ ಮತ್ತೊಂದು. ಸೋಮವಾರ ಹಣೆಯ ಮೇಲೆ ಬುಗುಟೆ ಎದ್ದ ಮಗುವಿಗೆ ಬುಧವಾರ ಎರಡೂ ಕಣ್ಣು ಕಪ್ಪಾಗಬಹುದು. ಕೂದಲನ್ನು ಬಲವಾಗಿ ಜಗ್ಗಿದಾಗ ತಲೆಯ ಚರ್ಮದಡಿ ಸೋರಿದ ರಕ್ತವೂ ಹೀಗೆ ಇಳಿದು ಬಂದೀತು. ಆದ್ದರಿಂದ ‘ನಿನ್ನೆ ಬಿದ್ದಿತ್ತಾ?’ ಎಂದು ಕೇಳಿದರೆ ಸಾಲದು, ಮೂರು ದಿನ ಹಿಂದಕ್ಕೆ ಹೋಗಬೇಕು. ಅಷ್ಟು ಹಿಂದೆ ಹೋದರೂ ಏನೂ ಸಿಗದಿದ್ದಾಗ ನಿಜವಾದ ವಿಚಾರಣೆ ಶುರುವಾಗಬೇಕು.

ಗಣಿಯ ಮುಖ

ಕೆ.ಜಿ.ಎಫ್.ನಲ್ಲಿ ಈ ಮಾತು ಆಡುವಾಗ ಗಣಿಯನ್ನು ಬಿಡುವಂತಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಯಿಟ್ಟಂದಿನಿಂದ 2001ರ ಫೆಬ್ರವರಿ 28ರಂದು ಬಾಗಿಲು ಹಾಕುವವರೆಗೆ ಚಾಂಪಿಯನ್ ರೀಫ್, ನಂದಿದುರ್ಗ, ಊರಿಗಾಂ, ಮೈಸೂರು ಗಣಿಗಳು ನೆಲದೊಳಕ್ಕೆ ಇಳಿಯುತ್ತಲೇ ಹೋದವು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಮುಟ್ಟಿತು. ಅಷ್ಟು ಆಳದಲ್ಲಿ ಬಂಡೆಯ ಮೇಲಿನ ಒತ್ತಡ ತಾಳಲಾರದಷ್ಟಾಗಿ, ಸುರಂಗದ ಗೋಡೆ ಗುಂಡು ಹಾರಿದಂತೆ ಸಿಡಿಯುತ್ತಿತ್ತು. ಮೊದಲಿಗೆ ಅದನ್ನು ‘ಏರ್ ಬ್ಲಾಸ್ಟ್’ ಎಂದರು, ಮುಂದೆ ‘ರಾಕ್ ಬರ್ಸ್ಟ್’ ಎಂದರು. ಮೇಲಿನ ಕಾಲೊನಿಗಳ ಮನೆಗಳೂ ಅದುರುತ್ತಿದ್ದವು. ಈ ಕಾಟವನ್ನು ಅಧ್ಯಯನ ಮಾಡುವ ಅಗತ್ಯವೂ ಸೇರಿಯೇ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಇಲ್ಲಿ ಹುಟ್ಟಿತು.

ಬಂಡೆಯೋ ಮಣ್ಣೋ ಕುಸಿದು ಎದೆಯವರೆಗೆ ಹೂತುಹೋದವನ ತಲೆಗೆ ಒಂದು ಗೀರೂ ಆಗದೆ ಇರಬಹುದು. ಆದರೂ ಮೇಲೆ ತಂದಾಗ ಮುಖ ನೇರಳೆ ಬಣ್ಣಕ್ಕೆ ತಿರುಗಿ, ಕಣ್ಣಿನ ಬಿಳಿಭಾಗ ಕೆಂಪಾಗಿ, ರೆಪ್ಪೆ ಊದಿ ಕಪ್ಪಾಗಿರುತ್ತದೆ. ಕತ್ತಿನ ಕೆಳಗೆ ಮೈ ಬಣ್ಣ ಮಾಮೂಲಾಗಿಯೇ ಇರುತ್ತದೆ. ಇದರ ಗುಟ್ಟು ಎದೆಯಲ್ಲಿದೆ. ಭಾರ ಬೀಳುವ ಕ್ಷಣದಲ್ಲಿ ಮನುಷ್ಯ ಉಸಿರು ಬಿಗಿ ಹಿಡಿಯುತ್ತಾನೆ. ಎದೆ ಹಿಂಡಿದಾಗ ಹೃದಯದ ಬಲಭಾಗದ ರಕ್ತ ಬಂದ ದಾರಿಯಲ್ಲೇ ಹಿಂದಕ್ಕೆ ನುಗ್ಗುತ್ತದೆ. ತಲೆ–ಕತ್ತಿನ ದೊಡ್ಡ ರಕ್ತನಾಳಗಳಲ್ಲಿ ಅದನ್ನು ತಡೆಯುವ ಕವಾಟಗಳು ಇಲ್ಲವೆನ್ನುವಷ್ಟು ಕಡಿಮೆ. ಆ ರಭಸಕ್ಕೆ ಕೂದಲೆಳೆಗಿಂತ ತೆಳುವಾದ ನಾಳಗಳು ಒಡೆಯುತ್ತವೆ. 1837ರಲ್ಲಿ ಪ್ಯಾರಿಸ್ಸಿನ ಷಾನ್ ದ ಮಾರ್ಸ್ ಮೈದಾನದಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಸತ್ತವರ ಮುಖದಲ್ಲಿ ಇದನ್ನು ಕಂಡು ಬರೆದಿಟ್ಟವನು ಒಲಿವಿಯೆ ಎಂಬ ಫ್ರೆಂಚ್ ವೈದ್ಯ.

ಗಣಿ ನಿಂತಿತು, ಈ ಅಪಾಯ ನಿಲ್ಲಲಿಲ್ಲ. ಮಾರಿಕುಪ್ಪಂನಿಂದ ಹೊರಡುವ ರೈಲುಗಳಲ್ಲಿ ದಿನ ಬೆಳಗಾದರೆ ಬೆಂಗಳೂರಿಗೆ ಕೂಲಿಗೆ ಹೋಗುವವರಲ್ಲಿ ಪಾಯ ತೋಡುವವರು, ಚರಂಡಿ ಪೈಪಿಗೆ ಗುಂಡಿ ಅಗೆಯುವವರು ಇದ್ದಾರೆ. ಆಸರೆ ಕಟ್ಟದ ಗುಂಡಿಯ ಮಣ್ಣು ಕುಸಿದರೆ ಆಗುವುದೂ ಇದೇ. ಹಾಗೆ ಹೊರಬಂದವನ ಮುಖ ನೋಡಿದವರು ತಲೆ ಸ್ಕ್ಯಾನಿಗೆ ಓಡುತ್ತಾರೆ. ತಲೆಯನ್ನು ನೋಡುವುದು ತಪ್ಪಲ್ಲ, ಆದರೆ ಪ್ರಾಣ ಕಾಯುವುದು ಎದೆಯ ಪರೀಕ್ಷೆ. ಮುರಿದ ಪಕ್ಕೆಲುಬು, ಜಜ್ಜಿದ ಶ್ವಾಸಕೋಶ, ಗಾಯಗೊಂಡ ಹೃದಯ ಅಲ್ಲಿರಬಹುದು. ಅವನ್ನು ದಾಟಿದವನ ಮುಖ, ಎಷ್ಟೇ ಭೀಕರವಾಗಿ ಕಂಡರೂ, ಎರಡು ಮೂರು ವಾರದಲ್ಲಿ ಮೊದಲಿನಂತಾಗುತ್ತದೆ. ಇದನ್ನು ಮನೆಯವರಿಗೆ ಯಾರಾದರೂ ಮೊದಲ ದಿನವೇ ಹೇಳಿದರೆ ಎಷ್ಟೋ ಅಳು ತಪ್ಪುತ್ತದೆ.

ಇದರದೇ ಸಣ್ಣ ರೂಪ ಮನೆಮನೆಯಲ್ಲೂ ಇದೆ. ನಾಯಿಕೆಮ್ಮಿನಲ್ಲಿ ಉಸಿರು ಸಿಗದೆ ಕೆಮ್ಮುವ ಮಗು, ರಾತ್ರಿಯಿಡೀ ವಾಂತಿ ಮಾಡಿದ ಬಸುರಿ, ಹೆರಿಗೆಯಲ್ಲಿ ಮುಕ್ಕಿದ ಬಾಣಂತಿ, ಫಿಟ್ಸ್ ಬಂದು ಒದ್ದಾಡಿದವರು, ಇವರ ಕಣ್ಣಿನ ಸುತ್ತ ಸಾಸಿವೆ ಎರಚಿದಂತೆ ಕೆಂಪು ಚುಕ್ಕೆ, ಬಿಳಿಭಾಗದಲ್ಲಿ ರಕ್ತದ ಕಲೆ ಕಾಣುತ್ತದೆ. ನೋಡಲು ಭಯ, ಆದರೆ ತಾನಾಗಿ ಕರಗುತ್ತದೆ. ನಾಯಿಕೆಮ್ಮು ಬಂದ ಎಳೆಗೂಸಿನ ವಿಚಾರದಲ್ಲಿ ಮಾತ್ರ ಕಣ್ಣಿಗಿಂತ ಕೆಮ್ಮಿಗೇ ಹೆದರಬೇಕು. ಲಸಿಕೆ ತಪ್ಪಿಸಿಕೊಂಡ ಮಕ್ಕಳಲ್ಲಿ ಅದು ಇಂದಿಗೂ ಕೊಲ್ಲುತ್ತದೆ.

‘ಬಿದ್ದೇ ಇಲ್ಲ ಸಾರ್’

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದುದು ಐದು ವರ್ಷದೊಳಗಿನ ಮಗುವಿನ ಬಗ್ಗೆ.

ಕಥೆ ಸಾಮಾನ್ಯವಾಗಿ ಹೀಗೆ ನಡೆಯುತ್ತದೆ. ಎರಡು ವರ್ಷದ ಮಗುವಿಗೆ ಕೆಲವು ವಾರದಿಂದ ಬಿಟ್ಟು ಬಿಟ್ಟು ಜ್ವರ. ಊಟ ಸೇರುವುದಿಲ್ಲ. ನಡೆಯುತ್ತಿದ್ದ ಮಗು ‘ಎತ್ತಿಕೋ’ ಎಂದು ಹಟ ಮಾಡುತ್ತದೆ, ಕಾಲು ಮುಟ್ಟಿದರೆ ಚೀರುತ್ತದೆ. ಅಜ್ಜಿ ದೃಷ್ಟಿ ತೆಗೆಯುತ್ತಾಳೆ, ನಿಂಬೆಹಣ್ಣು ಇಳಿಸುತ್ತಾಳೆ. ಒಂದು ಬೆಳಿಗ್ಗೆ ನೋಡಿದರೆ ರೆಪ್ಪೆ ಕಪ್ಪಾಗಿದೆ. ಒಂದು ಕಡೆಯೋ, ಎರಡೂ ಕಡೆಯೋ. ಕೆಲವು ದಿನ ಕಳೆದಂತೆ ಕಣ್ಣುಗುಡ್ಡೆ ಮುಂದಕ್ಕೆ ಬಂದಂತೆ ಕಾಣುತ್ತದೆ. ತಾಯಿ ಆಸ್ಪತ್ರೆಗೆ ಓಡುತ್ತಾಳೆ.

‘ಏನಮ್ಮಾ, ಮಗೂನ ಎಲ್ಲಿ ಬೀಳಿಸಿದೆ?’

‘ಬಿದ್ದೇ ಇಲ್ಲ ಸಾರ್, ದೇವರಾಣೆಗೂ ಬಿದ್ದಿಲ್ಲ.’

ಈ ಉತ್ತರವನ್ನು ನಂಬುವುದೇ ಅರ್ಧ ಚಿಕಿತ್ಸೆ. ನ್ಯೂರೋಬ್ಲಾಸ್ಟೋಮಾ ಎಂಬ ಗಡ್ಡೆ ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ, ಮಿದುಳಿನ ಹೊರಗಿನ ಗಡ್ಡೆಗಳ ಪೈಕಿ, ಅತಿ ಸಾಮಾನ್ಯವಾದುದು. ಅದು ಹುಟ್ಟುವುದು ಹೆಚ್ಚಾಗಿ ಹೊಟ್ಟೆಯಲ್ಲಿ, ಮೂತ್ರಪಿಂಡದ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಗ್ರಂಥಿಯಲ್ಲಿ. ಅಲ್ಲಿಂದ ಮೂಳೆಗಳಿಗೆ ಹಬ್ಬುವಾಗ ಕಣ್ಣಿನ ಗೂಡಿನ ಮೂಳೆಗಳನ್ನು ಹುಡುಕಿಕೊಂಡು ಬಂದಂತೆ ಬಂದು ಸೇರುತ್ತದೆ. ಅಲ್ಲಿ ರಕ್ತನಾಳಗಳು ಒಡೆದು, ಒಂದೂ ಏಟಿಲ್ಲದೆ ಕಣ್ಣು ಕಪ್ಪಾಗುತ್ತದೆ. ಹೊಟ್ಟೆಯ ಗಡ್ಡೆಗೂ ತಲೆಬುರುಡೆಯ ಊತಕ್ಕೂ ಇರುವ ಈ ನಂಟನ್ನು ಲಂಡನ್ನಿನ ಮಕ್ಕಳ ವೈದ್ಯ ರಾಬರ್ಟ್ ಹಚಿಸನ್ 1907ರಲ್ಲೇ ವಿವರಿಸಿದ್ದರು. ಮೂರು ವರ್ಷದ ಬಳಿಕ, 1910ರಲ್ಲಿ, ಅಮೆರಿಕದ ಜೇಮ್ಸ್ ಹೋಮರ್ ರೈಟ್ ಆ ಗಡ್ಡೆಗೆ ಈಗಿನ ಹೆಸರಿಟ್ಟರು. ನೂರು ವರ್ಷ ದಾಟಿದ ತಿಳಿವಳಿಕೆ ಇದು. ಆದರೂ ಮಗುವನ್ನು ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸುತ್ತಾರೆ, ಹೊಟ್ಟೆಯ ಮೇಲೆ ಕೈಯಿಡುವವರು ಬರುವ ಹೊತ್ತಿಗೆ ವಾರಗಳು ಕಳೆದಿರುತ್ತವೆ.

ಹೊಟ್ಟೆ ಮುಟ್ಟಿ ನೋಡಲು ಯಾವ ಯಂತ್ರವೂ ಬೇಡ. ರಕ್ತದ ಕಣಗಳ ಎಣಿಕೆ ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಹೊಟ್ಟೆಯ ಅಲ್ಟ್ರಾಸೌಂಡ್‌ಗೆ ಕೋಲಾರದ ನರಸಿಂಹರಾಜ ಆಸ್ಪತ್ರೆಯಿದೆ, ಟಮಕದಲ್ಲಿ ವೈದ್ಯಕೀಯ ಕಾಲೇಜಿನ ಜಾಲಪ್ಪ ಆಸ್ಪತ್ರೆಯಿದೆ. ಮುಂದಿನದು ಮೂತ್ರದಲ್ಲಿ ಕೆಲವು ರಾಸಾಯನಿಕಗಳ ಅಳತೆ, ಅಸ್ಥಿಮಜ್ಜೆಯ ಪರೀಕ್ಷೆ, ಗಡ್ಡೆಯ ಚೂರಿನ ಪರೀಕ್ಷೆ. ಅವಕ್ಕೆ ಬೆಂಗಳೂರೇ ಗತಿ: 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ, ಇಲ್ಲವೇ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ.

ಫಲ ಮಗುವಿನ ವಯಸ್ಸಿನ ಮೇಲೂ ರೋಗ ಹಬ್ಬಿದ ಮೇಲೂ ನಿಂತಿದೆ. ಒಂದೂವರೆ ವರ್ಷದೊಳಗಿನ ಕೂಸುಗಳಲ್ಲಿ ಈ ಗಡ್ಡೆ ಕೆಲವೊಮ್ಮೆ ಚಿಕಿತ್ಸೆಯೇ ಇಲ್ಲದೆ ಕರಗಿಹೋಗುವುದೂ ಉಂಟು! ಕ್ಯಾನ್ಸರುಗಳ ಲೋಕದಲ್ಲಿ ಇಂಥ ಅಚ್ಚರಿ ಅಪರೂಪ. ದೊಡ್ಡ ಮಕ್ಕಳಲ್ಲಿ ಮೂಳೆಗೆ ಹಬ್ಬಿದ ಮೇಲೆ ದಾರಿ ಕಠಿಣ. ಔಷಧ, ಶಸ್ತ್ರಚಿಕಿತ್ಸೆ, ವಿಕಿರಣ, ಮಜ್ಜೆಯ ಕೋಶಗಳ ಕಸಿ ಎಲ್ಲವನ್ನೂ ಕೊಡಬಲ್ಲ ಶ್ರೀಮಂತ ದೇಶಗಳಲ್ಲೂ ಇಂಥ ಮಕ್ಕಳಲ್ಲಿ ಉಳಿಯುವವರು ಹೆಚ್ಚುಕಡಿಮೆ ಅರ್ಧ. ನಮ್ಮಲ್ಲಿ ಅದಕ್ಕಿಂತ ಕಡಿಮೆ. ಸುಳ್ಳು ಭರವಸೆ ಕೊಡುವಂತಿಲ್ಲ. ಆದರೆ ಗುರುತು ಹಿಡಿದ ಮಗುವಿಗೆ ನೋವಾದರೂ ಕಡಿಮೆಯಾಗುತ್ತದೆ. ತಾಯಿಯ ಮೇಲೆ ಬಂದ ಅಪವಾದವಂತೂ ಅಂದೇ ಹೋಗುತ್ತದೆ.

ಕಣ್ಣು ಕಪ್ಪಾದ ಪ್ರತಿ ಮಗುವಿಗೂ ಇದೇ ಎಂದು ಎದೆ ಒಡೆದುಕೊಳ್ಳಬಾರದು. ನ್ಯೂರೋಬ್ಲಾಸ್ಟೋಮಾ ಅಪರೂಪ. ರಕ್ತದ ಕ್ಯಾನ್ಸರ್, ಪ್ಲೇಟ್‌ಲೆಟ್ ಕುಸಿಯುವ ಬೇರೆ ಕಾಯಿಲೆಗಳು, ಡೆಂಗಿ, ಇವೂ ಇದೇ ವೇಷದಲ್ಲಿ ಬರುತ್ತವೆ. ಗಂಡುಮಕ್ಕಳಲ್ಲಿ ಹಿಮೋಫೀಲಿಯಾ ಇದ್ದರೆ ಯಾರ ನೆನಪಿನಲ್ಲೂ ಉಳಿಯದ ಸಣ್ಣ ತಾಕಲಾಟ ಸಾಕು. ದಾವಣಗೆರೆಯ ಹಿಮೋಫೀಲಿಯಾ ಸೊಸೈಟಿಯನ್ನು ಕಟ್ಟಿದ ಡಾ. ಸುರೇಶ ಹನಗವಾಡಿ ಸ್ವತಃ ಆ ಕಾಯಿಲೆಯವರೇ. ಇವೆಲ್ಲಕ್ಕೂ ಮೊದಲ ಹೆಜ್ಜೆ ಒಂದೇ, ಅದು ರಕ್ತ ಪರೀಕ್ಷೆ.

ಬೌರಿಂಗನ ಊರಿನಿಂದ

ಬಂಗಾರಪೇಟೆಯ ಹಳೆಯ ಹೆಸರು ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗನ ಹೆಸರು ಅದು. ಬೆಂಗಳೂರಿನ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೂ ಅವನದೇ ಹೆಸರು. ಅಂತೂ ಬೌರಿಂಗನ ಊರಿನಲ್ಲಿ ರೈಲು ಹತ್ತಿ ಬೌರಿಂಗನ ಆಸ್ಪತ್ರೆಯಲ್ಲಿ ಇಳಿದ ರೋಗಿಗಳು ಈ ತಾಲ್ಲೂಕಿನಲ್ಲಿ ಎಷ್ಟು ಮಂದಿಯೋ! ಹೆಸರು ಬಂಗಾರವಾಯಿತು, ಪ್ರಯಾಣ ಮಾತ್ರ ಉಳಿಯಿತು. ಗಣಿ ನಡೆಯುತ್ತಿದ್ದ ಕಾಲದಲ್ಲಿ ಕಾರ್ಮಿಕರಿಗೂ ಅವರ ಮನೆಯವರಿಗೂ ಕಂಪನಿಯ ದೊಡ್ಡ ಆಸ್ಪತ್ರೆಯಿತ್ತು. ಗಣಿಯ ಹಿಂದೆಯೇ ಅದೂ ಮುಚ್ಚಿತು. 2021ರಲ್ಲಿ ಕೋವಿಡ್ ಎರಡನೆಯ ಅಲೆಯಲ್ಲಿ ಸ್ವಯಂಸೇವಕರು ಇಪ್ಪತ್ತು ವರ್ಷದ ಧೂಳು ಗುಡಿಸಿ ಅದನ್ನು ರೋಗಿಗಳಿಗೆ ತೆರೆದದ್ದನ್ನು ಊರು ಇನ್ನೂ ಹೇಳಿಕೊಳ್ಳುತ್ತದೆ.

ಆ ರೈಲಿಗೆ ಕಾಯಬಾರದ ಒಂದು ಕಾಯಿಲೆಯಿದೆ. ಸುತ್ತಲ ಹಳ್ಳಿಗಳ ಟೊಮೆಟೊ ತೋಟ, ಹಿಪ್ಪುನೇರಳೆ ಸಾಲು, ರಾಗಿ ಹೊಲಗಳಲ್ಲಿ ಮಂಡಲದ ಹಾವು, ಅಂದರೆ ಕೊಳಕುಮಂಡಲ, ಕಚ್ಚುವುದು ಕಾಲಿಗೆ. ಆದರೆ ಅದರ ವಿಷ ಇಡೀ ಮೈಯ ರಕ್ತದ ಹೆಪ್ಪುಗಟ್ಟುವ ಶಕ್ತಿಯನ್ನೇ ಕಸಿಯುತ್ತದೆ. ವಸಡಿನಿಂದ, ಮೂತ್ರದಲ್ಲಿ, ಚರ್ಮದಡಿ, ಕಣ್ಣಿನ ಸುತ್ತ ರಕ್ತ ಕಾಣಿಸಿಕೊಳ್ಳಬಹುದು. ಇನ್ನೂ ಕೆಟ್ಟ ಸೂಚನೆ, ಮುಖವೂ ರೆಪ್ಪೆಗಳೂ ಬಾತುಕೊಂಡು ಕಣ್ಣಿನ ಬಿಳಿಭಾಗ ನೀರು ತುಂಬಿದಂತೆ ಉಬ್ಬುವುದು. ರಕ್ತನಾಳಗಳೇ ಸೋರುತ್ತಿವೆ ಎಂದು ಅದರ ಅರ್ಥ. ಕತ್ತಲಲ್ಲಿ ಏನೋ ಚುಚ್ಚಿತು, ಮುಳ್ಳಿರಬೇಕು ಎಂದು ಮಲಗಿದವನಿಗೆ ಬೆಳಿಗ್ಗೆ ಹೀಗಾದರೆ ಮಂತ್ರ, ಬೇರು, ಪಟ್ಟಿ ಯಾವುದೂ ಬೇಡ. ಒಣಗಿದ ಗಾಜಿನ ಕೊಳವೆಯಲ್ಲಿ ಸ್ವಲ್ಪ ರಕ್ತ ಹಿಡಿದು ಇಪ್ಪತ್ತು ನಿಮಿಷ ಅಲ್ಲಾಡಿಸದೆ ಇಟ್ಟು ಓರೆ ಮಾಡಿದರೆ ಸಾಕು. ಹೆಪ್ಪುಗಟ್ಟಿರದಿದ್ದರೆ ವಿಷ ಏರಿದೆ. ಹಾವಿನ ವಿಷಕ್ಕೆ ಮದ್ದು ತಡವಿಲ್ಲದೆ ಶುರುವಾಗಬೇಕು.

ವಯಸ್ಸಾದವರ ಕಥೆ ಇನ್ನೊಂದು ಬಗೆಯದು. ಐವತ್ತು ಅರವತ್ತು ದಾಟಿದವರಿಗೆ ಬಗ್ಗಿ ಎದ್ದಾಗ, ಒಂದು ಸಲ ಜೋರಾಗಿ ಸೀನಿದಾಗ, ಕಣ್ಣುಜ್ಜಿದಾಗ ರೆಪ್ಪೆ ಕಪ್ಪಾಗುತ್ತದೆ, ವಾಸಿಯಾಗುತ್ತದೆ, ಮತ್ತೆ ಆಗುತ್ತದೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಿದ್ದರೆ ಕಾರಣ ಜೇಬಿನಲ್ಲೇ ಇದೆ. ಗುಳಿಗೆಯನ್ನು ತಾವೇ ನಿಲ್ಲಿಸದೆ ಬರೆದುಕೊಟ್ಟವರನ್ನು ಕೇಳಬೇಕು. ಗುಳಿಗೆ ಇಲ್ಲದೆಯೂ ಹೀಗಾಗುತ್ತಿದ್ದರೆ ಅಮೈಲಾಯ್ಡೋಸಿಸ್ ಎಂಬ ಕಾಯಿಲೆಯ ಅನುಮಾನ ಬರಬೇಕು. ಮಜ್ಜೆಯ ಕೆಲವು ಕೋಶಗಳು ಬೇಡದ ಪ್ರೋಟೀನನ್ನು ಸುರಿಯುತ್ತವೆ, ಅದು ಅಂಟಿನಂತೆ ರಕ್ತನಾಳದ ಗೋಡೆಯಲ್ಲಿ, ಹೃದಯದಲ್ಲಿ, ಮೂತ್ರಪಿಂಡದಲ್ಲಿ ಕೂರುತ್ತದೆ. ನಾಳದ ಗೋಡೆ ಪೆಡಸಾಗಿ, ಚಿವುಟಿದರೂ ರಕ್ತ ಇಳಿಯುತ್ತದೆ. ಜೊತೆಗೆ ನಾಲಿಗೆ ದಪ್ಪವಾಗಿ ಅಂಚಿನಲ್ಲಿ ಹಲ್ಲಿನ ಗುರುತು, ಕಾಲು ಬಾವು, ನೊರೆ ಮೂತ್ರ, ಅಂಗೈ ಜೋಮು, ನಾಲ್ಕು ಹೆಜ್ಜೆಗೆ ಏದುಸಿರು. ಎಲ್ಲರಲ್ಲೂ ಕಣ್ಣು ಕಪ್ಪಾಗುವುದಿಲ್ಲ, ಆದರೆ ಆದವರಲ್ಲಿ ಅದು ಬಲವಾದ ಸುಳಿವು. ಹೊಟ್ಟೆಯ ಚರ್ಮದಡಿಯ ಚೂರು ಕೊಬ್ಬು ತೆಗೆದು ಕಾಂಗೋ ರೆಡ್ ಬಣ್ಣ ಹಾಕಿ ವಿಶೇಷ ಬೆಳಕಿನಲ್ಲಿ ನೋಡಿದರೆ ಹಸಿರಾಗಿ ಹೊಳೆಯುತ್ತದೆ. ಇಂದು ಇದಕ್ಕೆ ಒಳ್ಳೆಯ ಔಷಧಗಳಿವೆ, ಹೃದಯ ಕೆಡುವ ಮೊದಲು ಸಿಕ್ಕಬೇಕಷ್ಟೆ.

ಗಣಿಯ ಧೂಳಿಗೂ ಇದಕ್ಕೂ ಸಂಬಂಧವೇ ಎಂಬ ಪ್ರಶ್ನೆ ಕೆ.ಜಿ.ಎಫ್.ನಲ್ಲಿ ಸಹಜ. ಇಲ್ಲಿನ ಕಾರ್ಮಿಕರ ಎದೆಯಲ್ಲಿ ಸಿಲಿಕೋಸಿಸ್ ಇರುವುದನ್ನು 1940ರ ದಶಕದ ತಪಾಸಣೆಗಳೇ ತೋರಿಸಿದ್ದವು, ಅದರ ಬೆನ್ನಿಗೆ ಕ್ಷಯ ಬರುತ್ತಿತ್ತು. ದೀರ್ಘಕಾಲದ ಕ್ಷಯದಿಂದ ಬರುವ ಅಮೈಲಾಯ್ಡ್ ಬೇರೆ ಜಾತಿಯದು. ಅದು ಮೂತ್ರಪಿಂಡವನ್ನು ಹಿಡಿಯುತ್ತದೆಯೇ ಹೊರತು ಕಣ್ಣಿನ ಸುತ್ತ ಸಾಮಾನ್ಯವಾಗಿ ರಕ್ತ ಇಳಿಸುವುದಿಲ್ಲ. ಎಲ್ಲ ಕಾಯಿಲೆಯನ್ನೂ ಗಣಿಯ ತಲೆಗೆ ಕಟ್ಟುವುದು ಇಲ್ಲಿನ ಹಳೆಯ ರೂಢಿ, ಗಣಿ ಮಾಡಿದ ಅನ್ಯಾಯ ಅಷ್ಟಿದೆ; ಈ ವಿಷಯದಲ್ಲಿ ಮಾತ್ರ ಅದು ಹೊಂದುವುದಿಲ್ಲ.

ಹೆಂಗಸು ಹೇಳಿದರೆ

ಕಪ್ಪಾದ ಕಣ್ಣು ಹೆಂಗಸಿನದಾದರೆ ಮಾತು ಎರಡು ಕಡೆಗೂ ಕೊಯ್ಯುತ್ತದೆ. ನಿಜವಾಗಿ ಹೊಡೆತ ತಿಂದವಳು ‘ಬಾಗಿಲು ತಾಗಿತು’ ಎನ್ನುತ್ತಾಳೆ. ಪ್ಲೇಟ್‌ಲೆಟ್ ಇಳಿದವಳು ‘ಏನೂ ತಾಗಿಲ್ಲ’ ಎಂದರೆ ಅದನ್ನೂ ಅದೇ ಸುಳ್ಳಿನ ಲೆಕ್ಕಕ್ಕೆ ಹಾಕುತ್ತಾರೆ. ಓಣಿಯಲ್ಲಿ ಗಂಡನ ಮರ್ಯಾದೆ ಹೋಗುತ್ತದೆ, ಇವಳ ಕಾಯಿಲೆ ಉಳಿಯುತ್ತದೆ. ಆದ್ದರಿಂದ ಎರಡನ್ನೂ ವಿಚಾರಿಸುವುದೇ ಸರಿಯಾದ ಕ್ರಮ. ಜೊತೆಗೆ ಬಂದವರನ್ನು ಹೊರಗೆ ಕೂರಿಸಿ ಅವಳೊಬ್ಬಳನ್ನೇ ಅವಳ ಭಾಷೆಯಲ್ಲಿ ಕೇಳಬೇಕು. ಅವಳು ಏನೇ ಹೇಳಲಿ, ರಕ್ತವನ್ನೂ ಪರೀಕ್ಷಿಸಬೇಕು. ಮುಟ್ಟಿನಲ್ಲಿ ಹೆಚ್ಚು ಹೋಗುತ್ತಿದೆಯೇ, ಹಲ್ಲುಜ್ಜುವಾಗ ರಕ್ತ ಬರುತ್ತದೆಯೇ, ತೊಡೆ ತೋಳುಗಳಲ್ಲಿ ಕಾರಣವಿಲ್ಲದ ಕಲೆಗಳಿವೆಯೇ ಎಂದು ಕೇಳಲು ಐದು ನಿಮಿಷ ಸಾಕು. ಹೊರರೋಗಿಗಳ ಸಾಲಿನಲ್ಲಿ ಆ ಐದು ನಿಮಿಷವೇ ದುಬಾರಿ ಎಂಬುದೂ ನಿಜ.

ಮನೆಯವರು ಮಾಡಬಹುದಾದುದೂ ಇದೆ. ಕಣ್ಣು ಕಪ್ಪಾದ ದಿನವೇ ಮೊಬೈಲಿನಲ್ಲಿ ಒಂದು ಚಿತ್ರ, ಎರಡು ದಿನ ಬಿಟ್ಟು ಇನ್ನೊಂದು. ಬೆಂಗಳೂರು ತಲುಪುವ ಹೊತ್ತಿಗೆ ಬಣ್ಣ ಹೋಗಿದ್ದರೆ ಇವೇ ಸಾಕ್ಷಿ. ಮನೆಯಲ್ಲಿರುವ ಎಲ್ಲ ಗುಳಿಗೆಗಳ ಹಾಳೆಗಳು ಒಂದು ಕವರಿನಲ್ಲಿ, ನಾಟಿ ಔಷಧದ ಪುಡಿಯಿದ್ದರೆ ಅದೂ ಸೇರಿ. ಹೊಲಕ್ಕೆ, ಅಕ್ಕಿ ಮೂಟೆಗೆ ಇಲಿಪಾಷಾಣ ಇಡುವ ಮನೆಯಾದರೆ ಅದನ್ನೂ ಹೇಳಬೇಕು, ಕೆಲವು ಇಲಿಪಾಷಾಣಗಳು ಕೊಲ್ಲುವುದೇ ರಕ್ತ ಹೆಪ್ಪುಗಟ್ಟದಂತೆ ಮಾಡಿ. ಬಿ.ಪಿ.ಎಲ್. ಕಾರ್ಡು ಮರೆಯಬಾರದು, 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯೂ ಸೇರಿದೆ, ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಶಿಫಾರಸು ಚೀಟಿ ಜೊತೆಗಿದ್ದರೆ ಕಿಟಕಿಯಿಂದ ಕಿಟಕಿಗೆ ಅಲೆಯುವುದು ತಪ್ಪುತ್ತದೆ. ಚೀಟಿಯಲ್ಲಿ ‘ಕಣ್ಣು ಕಪ್ಪು’ ಎಂದಷ್ಟೇ ಬರೆದಿದ್ದರೆ ‘ಪೆಟ್ಟು ಬಿದ್ದಿಲ್ಲ’ ಎಂಬ ಎರಡು ಪದವನ್ನೂ ಸೇರಿಸಿಕೊಡಿ ಎಂದು ಡಾಕ್ಟರನ್ನು ಕೇಳಲು ಯಾರೂ ಸಂಕೋಚಪಡಬೇಕಾಗಿಲ್ಲ.